ಎರ್ಗಾನಮಿಸ್ಟ್ ವೃತ್ತಿ: ಶಿಕ್ಷಣ ಮತ್ತು ಸಿದ್ಧತೆ

ಕೆಲಸ, ಉಪಕರಣ, ಯಂತ್ರ ಹಾಗೂ ಕೆಲಸದ ಜಾಗವನ್ನು ಅಲ್ಲಿ ದುಡಿಯುವವರ ಮೈಕಟ್ಟು, ಬಲ, ದೃಷ್ಟಿ, ಗಮನ, ನೆನಪುಗಳಿಗೆ ಹೊಂದುವಂತೆ ರೂಪಿಸುವ ಶಾಸ್ತ್ರ ಎರ್ಗಾನಾಮಿಕ್ಸ್. ಕನ್ನಡದಲ್ಲಿ ದಕ್ಷತಾಶಾಸ್ತ್ರ ಎಂದೂ ಕರೆಯುವುದುಂಟು. ಇದನ್ನು ವೃತ್ತಿಯಾಗಿ ಮಾಡುವವರು ಎರ್ಗಾನಮಿಸ್ಟರು. ಅಂತರರಾಷ್ಟ್ರೀಯ ಎರ್ಗಾನಾಮಿಕ್ಸ್ ಸಂಘ ಈ ಶಾಸ್ತ್ರವನ್ನು ಮೂರು ಕವಲುಗಳಾಗಿ ನೋಡುತ್ತದೆ. ಭಂಗಿ, ಭಾರ, ಪುನರಾವರ್ತಿತ ಚಲನೆಗಳನ್ನು ಕುರಿತದ್ದು ದೈಹಿಕ ಕವಲು. ಗ್ರಹಿಕೆ, ನಿರ್ಧಾರ, ತಪ್ಪುಗಳನ್ನು ಕುರಿತದ್ದು ಬೌದ್ಧಿಕ ಕವಲು. ಪಾಳಿ, ತಂಡ, ಕೆಲಸದ ಹಂಚಿಕೆಯನ್ನು ಕುರಿತದ್ದು ಸಾಂಸ್ಥಿಕ ಕವಲು. ಜಾಹೀರಾತುಗಳ ದೆಸೆಯಿಂದ ಸಾಮಾನ್ಯರಿಗೆ ಈ ಹೆಸರು ಕೇಳಿದೊಡನೆ ದುಬಾರಿ ಕುರ್ಚಿಯೊಂದೇ ನೆನಪಾಗುತ್ತದೆ. ಎರ್ಗಾನಮಿಸ್ಟರ ಕೆಲಸದಲ್ಲಿ ಕುರ್ಚಿಯ ಪಾಲು ಬಹಳ ಚಿಕ್ಕದು.

ವೈದ್ಯರಾಗಲು ಎಂಬಿಬಿಎಸ್ ಇದ್ದಂತೆ ಇಲ್ಲಿ ಒಂದೇ ಹೆಬ್ಬಾಗಿಲು ಇಲ್ಲ. ಪಿಯುಸಿ ಮುಗಿಸಿದ ಕೂಡಲೇ ಎರ್ಗಾನಾಮಿಕ್ಸ್ ಹೆಸರಿನದೇ ಪದವಿಗೆ ಸೇರುವ ಅವಕಾಶ ಭಾರತದಲ್ಲಿ ಇಲ್ಲವೆನ್ನುವಷ್ಟು ವಿರಳ. ಶರೀರಕ್ರಿಯಾಶಾಸ್ತ್ರ, ಎಂಜಿನಿಯರಿಂಗ್, ವಿನ್ಯಾಸ, ಮನಶ್ಶಾಸ್ತ್ರ, ಫಿಸಿಯೊಥೆರಪಿ, ಗೃಹವಿಜ್ಞಾನ ಇವುಗಳಲ್ಲಿ ಒಂದನ್ನು ಮೊದಲು ಓದಿ, ಎರಡನೆಯ ಪದವಿಯ ಹೊತ್ತಿಗೆ ಈ ಕಡೆ ಹೊರಳಿದವರೇ ಹೆಚ್ಚು. ಹಾಗಾಗಿ ಈ ವೃತ್ತಿಯ ಸಿದ್ಧತೆಯೆಂದರೆ ತಾನು ಓದದೆ ಬಿಟ್ಟ ಅರ್ಧವನ್ನು ತುಂಬಿಕೊಳ್ಳುವ ಕೆಲಸ.

ಹಿನ್ನೆಲೆ

ಈ ಬಹುಮೂಲಕ್ಕೆ ಶಾಸ್ತ್ರದ ಚರಿತ್ರೆಯೇ ಕಾರಣ. ಪೋಲೆಂಡಿನ ವಿಜ್ಞಾನಿ ವೊಯ್ಚೆಕ್ ಯಾಸ್ತ್‌ಷೆಂಬೊವ್‌ಸ್ಕಿ 1857ರಲ್ಲೇ ಎರ್ಗಾನಾಮಿಕ್ಸ್ ಎಂಬ ಹೆಸರನ್ನು ಬಳಸಿದ್ದರೂ ಅದು ವೃತ್ತಿಯಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-17 ಬಾಂಬರ್ ವಿಮಾನಗಳನ್ನು ಇಳಿಸಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ನೋಡಿದಾಗ ಎರಡರ ಹಿಡಿಗಳೂ ಅಕ್ಕಪಕ್ಕದಲ್ಲಿ, ಒಂದೇ ಬಗೆಯಲ್ಲಿ ಇದ್ದವು. ಹಿಡಿಗಳ ಆಕಾರ ಬದಲಿಸಿದ್ದು ಪರಿಹಾರವಾಯಿತು. ಪೈಲಟ್‌ಗಳನ್ನು ಬೈದು ಪ್ರಯೋಜನವಿರಲಿಲ್ಲ. 1949ರಲ್ಲಿ ಬ್ರಿಟನ್ನಿನಲ್ಲಿ ಹೈವೆಲ್ ಮರೆಲ್ ಮೊದಲಾದವರು ಎರ್ಗಾನಾಮಿಕ್ಸ್ ರಿಸರ್ಚ್ ಸೊಸೈಟಿ ಕಟ್ಟಿದಾಗ ಶರೀರಶಾಸ್ತ್ರಜ್ಞರು, ಮನಶ್ಶಾಸ್ತ್ರಜ್ಞರು, ಎಂಜಿನಿಯರುಗಳು ಒಟ್ಟಿಗೆ ಕೂತಿದ್ದರು. ಅಮೆರಿಕದ ಹ್ಯೂಮನ್ ಫ್ಯಾಕ್ಟರ್ಸ್ ಸೊಸೈಟಿ 1957ರದು, ಅಂತರರಾಷ್ಟ್ರೀಯ ಸಂಘ 1959ರದು.

ಭಾರತದಲ್ಲಿ ಬೀಜ ಬಿದ್ದದ್ದು ಶರೀರಕ್ರಿಯಾಶಾಸ್ತ್ರದ ಪ್ರಯೋಗಾಲಯಗಳಲ್ಲಿ. ಕಲ್ಕತ್ತಾ ವಿಶ್ವವಿದ್ಯಾಲಯದ ಆರ್. ಎನ್. ಸೇನ್ ಈ ವಿಷಯದ ಮೊದಲ ತಲೆಮಾರಿನ ಗುರುಗಳಲ್ಲಿ ಪ್ರಮುಖರು. ಚಹಾ ತೋಟಗಳಲ್ಲಿ ಎಲೆ ಕೀಳುವವರ ದುಡಿಮೆಯ ಹೊರೆಯನ್ನು ಕುರಿತು ಅವರ ತಂಡ ನಡೆಸಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಆ ತಂಡದಲ್ಲಿದ್ದ ದೇವಕುಮಾರ್ ಚಕ್ರವರ್ತಿ ಅನಂತರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಹೋದರು, ಜಿ. ಜಿ. ರೇ ಮುಂಬಯಿ ಐಐಟಿಯ ವಿನ್ಯಾಸ ಕೇಂದ್ರಕ್ಕೆ ಹೋದರು. ಹೃದಯದ ಬಡಿತ ಎಣಿಸುತ್ತಿದ್ದವರು ಹೀಗೆ ವಸ್ತು ರೂಪಿಸುವವರ ನಡುವೆ ಹೋಗಿ ಸೇರಿದ್ದು ಭಾರತದ ಎರ್ಗಾನಾಮಿಕ್ಸ್ ಶಿಕ್ಷಣದ ದೊಡ್ಡ ತಿರುವು. ಚಕ್ರವರ್ತಿಯವರು 1997ರಲ್ಲಿ ಹೊರತಂದ ಭಾರತೀಯರ ಅಂಗಾಂಗ ಅಳತೆಗಳ ಕೋಶ ಇವತ್ತಿಗೂ ವಿನ್ಯಾಸ ವಿದ್ಯಾರ್ಥಿಗಳ ಮೇಜಿನ ಮೇಲಿರುತ್ತದೆ. ಅದಕ್ಕೆ ಮೊದಲು ಅಮೆರಿಕದ, ಯುರೋಪಿನ ಕೋಷ್ಟಕಗಳಿಂದ ಅಳತೆ ಎತ್ತಿಕೊಳ್ಳುವುದೇ ರೂಢಿಯಾಗಿತ್ತು.

ಮೊದಲ ಪದವಿ

ಪಿಯುಸಿಯಲ್ಲಿ ಗಣಿತ, ಜೀವಶಾಸ್ತ್ರ ಎರಡನ್ನೂ ಉಳಿಸಿಕೊಂಡಿರುವ ಪಿಸಿಎಂಬಿ ಸಂಯೋಜನೆ ಹೆಚ್ಚು ದಾರಿಗಳನ್ನು ತೆರೆದಿಡುತ್ತದೆ. ಅನಂತರ ಎಂಜಿನಿಯರಿಂಗ್‌ಗೆ ಹೋಗುವವರಿಗೆ ಹತ್ತಿರದ ಶಾಖೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ವರ್ಕ್ ಸ್ಟಡಿ ಮತ್ತು ಎರ್ಗಾನಾಮಿಕ್ಸ್ ಜೋಡಿಯಾಗಿ ಬರುತ್ತವೆ. ಈ ದಾರಿಯಲ್ಲಿ ಬಂದವರಿಗೆ ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ನೋಡುವುದು, ಕಾಲ ಅಳೆಯುವುದು, ಕಾರ್ಖಾನೆಯ ನಕ್ಷೆ ಹಾಕುವುದು ಕರಗತವಾಗಿರುತ್ತದೆ. ಆದರೆ ಭುಜದ ಸ್ನಾಯು ಎಷ್ಟು ಹೊತ್ತಿಗೆ ದಣಿಯುತ್ತದೆ, ಯಾಕೆ ದಣಿಯುತ್ತದೆ ಎಂಬುದು ಗೊತ್ತಿರುವುದಿಲ್ಲ. ವರ್ಕ್ ಸ್ಟಡಿಯ ಮೂಲ ದುಡಿಮೆಯ ವೇಳೆ, ಚಲನೆಗಳನ್ನು ಅಳೆದ ಅಮೆರಿಕದ ಟೇಲರ್ ಮತ್ತು ಗಿಲ್ಬ್ರೆತ್ ದಂಪತಿಗಳ ಕಾಲದ್ದು. ಉತ್ಪಾದನೆ ಹೆಚ್ಚಿಸುವುದೇ ಅದರ ಮೊದಲ ಗುರಿ. ಸ್ಟಾಪ್‌ವಾಚ್ ಹಿಡಿದು ಬಂದವರನ್ನು ಕಾರ್ಮಿಕರು ಇವತ್ತಿಗೂ ಅನುಮಾನದಿಂದ ನೋಡುವುದಕ್ಕೆ ಕಾರಣ ಇಲ್ಲದಿಲ್ಲ.

ಫಿಸಿಯೊಥೆರಪಿ ಅಥವಾ ಆಕ್ಯುಪೇಷನಲ್ ಥೆರಪಿ ಓದಿದವರ ಸ್ಥಿತಿ ಇದಕ್ಕೆ ತಿರುವುಮುರುವು. ದೇಹ ಅವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಆದರೆ ಅವರ ತರಬೇತಿಯೆಲ್ಲ ನೋವು ಬಂದ ಮೇಲಿನ ಆರೈಕೆಗೆ ಸಂಬಂಧಿಸಿದ್ದು. ಕೆಲಸದ ಸ್ಥಳಕ್ಕೆ ಹೋಗಿ ಮೇಜಿನ ಎತ್ತರ ಬದಲಿಸಿ ಎನ್ನುವ ಬದಲು ವ್ಯಾಯಾಮ ಹೇಳಿಕೊಟ್ಟು ಬರುವ ಪ್ರವೃತ್ತಿಯನ್ನು ಇವರು ಪ್ರಯತ್ನಪಟ್ಟು ಬಿಡಬೇಕಾಗುತ್ತದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮೇಜು-ಕುರ್ಚಿ ಹೊಂದಿಸಿಕೊಡುವ ಸಲಹೆಗಾರರಾಗಿ ಕೆಲಸ ಮಾಡುವವರಲ್ಲಿ ಫಿಸಿಯೊಥೆರಪಿಸ್ಟರೂ ಇದ್ದಾರೆ.

ಮನಶ್ಶಾಸ್ತ್ರದ ದಾರಿ ಬೌದ್ಧಿಕ ಕವಲಿಗೆ ನೇರವಾಗಿ ಒಯ್ಯುತ್ತದೆ. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ದೇಶದ ಹಳೆಯ ವಿಭಾಗಗಳಲ್ಲೊಂದು; ಎಂ. ವಿ. ಗೋಪಾಲಸ್ವಾಮಿಯವರು ಅದನ್ನು 1924ರಲ್ಲಿ ಆರಂಭಿಸಿದರು. ಗ್ರಹಿಕೆ, ಪ್ರತಿಕ್ರಿಯೆಯ ವೇಳೆ, ಗಮನ ಇವುಗಳ ಪ್ರಯೋಗ ಮಾಡಿದ ವಿದ್ಯಾರ್ಥಿಗೆ ನಿಯಂತ್ರಣ ಕೊಠಡಿ, ಕಾಕ್‌ಪಿಟ್, ಮೊಬೈಲ್ ಪರದೆಗಳ ವಿನ್ಯಾಸ ಅಪರಿಚಿತವೆನಿಸುವುದಿಲ್ಲ.

ಗೃಹವಿಜ್ಞಾನವನ್ನು ಈ ಪಟ್ಟಿಯಲ್ಲಿ ಕಂಡು ಅಚ್ಚರಿಪಡುವವರಿದ್ದಾರೆ. ಅಡುಗೆಕಟ್ಟೆಯ ಎತ್ತರ, ನೀರು ಹೊರುವ ಶ್ರಮ, ಕಳೆ ಕೀಳುವ ಹೆಂಗಸರ ಬೆನ್ನುನೋವುಗಳನ್ನು ಭಾರತದಲ್ಲಿ ಶ್ರದ್ಧೆಯಿಂದ ಅಳೆದವರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದಂಥ ಕಡೆಗಳ ಗೃಹವಿಜ್ಞಾನಿಗಳು ಮುಂದಿದ್ದಾರೆ. ಕುಟುಂಬ ಸಂಪನ್ಮೂಲ ನಿರ್ವಹಣೆ ಎಂಬ ವಿಭಾಗದ ಹೆಸರಿನ ಹಿಂದೆ ಈ ಕೆಲಸ ಮರೆಯಾಗಿದೆ.

ಸ್ನಾತಕೋತ್ತರ ವ್ಯಾಸಂಗ

ವೃತ್ತಿಯ ನಿಜವಾದ ಆರಂಭ ಇಲ್ಲಿ. ವಿನ್ಯಾಸದ ಸ್ನಾತಕೋತ್ತರ ಪದವಿಗೆ ಐಐಟಿಗಳಲ್ಲಿ ಸೀಡ್ ಎಂಬ ಪ್ರವೇಶ ಪರೀಕ್ಷೆಯಿದ್ದು, ಅದನ್ನು ಮುಂಬಯಿ ಐಐಟಿ ನಡೆಸುತ್ತದೆ. ಮುಂಬಯಿ ಮತ್ತು ಗುವಾಹಟಿ ಐಐಟಿಗಳ ವಿನ್ಯಾಸ ವಿಭಾಗಗಳಲ್ಲಿ ಎರ್ಗಾನಾಮಿಕ್ಸ್ ಸಂಶೋಧನೆಗೆ ಗಟ್ಟಿ ಪರಂಪರೆಯಿದೆ. ಖರಗ್‌ಪುರದಲ್ಲಿ ಅದು ಕೈಗಾರಿಕಾ ಎಂಜಿನಿಯರಿಂಗ್ ವಿಭಾಗದೊಳಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿನ್ಯಾಸ ಮತ್ತು ಉತ್ಪಾದನಾ ವಿಭಾಗ ಎಂಜಿನಿಯರಿಂಗ್ ಪದವೀಧರರಿಗೆ ಎಂ.ಡೆಸ್. ನೀಡುತ್ತದೆ, ಕಂಪ್ಯೂಟರಿನಲ್ಲಿ ಮಾನವ ದೇಹದ ಮಾದರಿ ನಿರ್ಮಿಸುವ ಕೆಲಸ ಅಲ್ಲಿ ನಡೆದಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕೇಂದ್ರ ಇಂಟರ್‌ಆ್ಯಕ್ಷನ್ ಡಿಸೈನ್, ಯೂನಿವರ್ಸಲ್ ಡಿಸೈನ್ ವಿಷಯಗಳನ್ನು ಕಲಿಸುತ್ತದೆ. ಎರಡನೆಯದು ಅಂಗವಿಕಲರು, ವೃದ್ಧರು, ಮಕ್ಕಳು ಎಲ್ಲರಿಗೂ ಒದಗುವ ವಿನ್ಯಾಸವನ್ನು ಕುರಿತದ್ದು. ಮುಂಬಯಿಯ ರಾಷ್ಟ್ರೀಯ ಕೈಗಾರಿಕಾ ಎಂಜಿನಿಯರಿಂಗ್ ಸಂಸ್ಥೆ (ನೈಟಿ) 2023ರಲ್ಲಿ ಐಐಎಂ ಆಗಿ ಬದಲಾಯಿತು; ಅದರ ಕೈಗಾರಿಕಾ ಸುರಕ್ಷತೆಯ ಕೋರ್ಸಿನಿಂದ ಕಾರ್ಖಾನೆಗಳಿಗೆ ಹೋದವರು ಅನೇಕರು. ಶರೀರಕ್ರಿಯಾಶಾಸ್ತ್ರದ ಮೂಲಕ ಬರುವವರಿಗೆ ಕಲ್ಕತ್ತಾ ಮತ್ತು ಮೇದಿನಿಪುರದ ವಿದ್ಯಾಸಾಗರ ವಿಶ್ವವಿದ್ಯಾಲಯಗಳು ಹಳೆಯ ನೆಲೆಗಳು.

ವೈದ್ಯರಿಗೆ ಬೇರೊಂದು ದಾರಿಯಿದೆ. 1957ರಲ್ಲಿ ಶುರುವಾದ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಎಂಬಿಬಿಎಸ್ ಮುಗಿಸಿದವರಿಗೆ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಎಂಡಿ ಕೊಡುತ್ತದೆ. ಕಾಕ್‌ಪಿಟ್ಟಿನಲ್ಲಿ ಪೈಲಟ್ಟಿನ ಕೈ ಎಲ್ಲಿಯವರೆಗೆ ಚಾಚುತ್ತದೆ, ಹೆಲ್ಮೆಟ್ಟಿನ ಭಾರ ಕತ್ತಿಗೆ ಏನು ಮಾಡುತ್ತದೆ ಎಂಬಂಥ ಪ್ರಶ್ನೆಗಳು ಅದರ ದಿನನಿತ್ಯದವು.

ಹೊರದೇಶಕ್ಕೆ ಹೋಗುವವರಿಗೆ ಅಮೆರಿಕದ ವರ್ಜೀನಿಯಾ ಟೆಕ್, ಮಿಷಿಗನ್, ವಿಸ್ಕಾನ್ಸಿನ್, ಬ್ರಿಟನ್ನಿನ ಲಫ್‌ಬರೊ, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯಗಳು ಹೆಸರಾದವು. ಸೇರುವ ಮುನ್ನ ಆ ಕೋರ್ಸಿಗೆ ಅಲ್ಲಿನ ವೃತ್ತಿಸಂಘದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳುವುದು ಮುಖ್ಯ. ಮುಂದೆ ಪ್ರಮಾಣಪತ್ರ ಪಡೆಯುವಾಗ ಅದರ ಬೆಲೆ ತಿಳಿಯುತ್ತದೆ.

ಅಳೆಯುವ ವಿದ್ಯೆ

ಯಾವ ದಾರಿಯಿಂದ ಬಂದರೂ ಎಲ್ಲರೂ ಕಲಿಯಲೇಬೇಕಾದ ಕೆಲವು ವಿಷಯಗಳಿವೆ: ಅಂಗಾಂಗಗಳ ಅಳತೆ, ಬಯೊಮೆಕ್ಯಾನಿಕ್ಸ್, ದುಡಿಮೆಯ ಶರೀರಕ್ರಿಯೆ, ಗ್ರಹಿಕೆಯ ಮನಶ್ಶಾಸ್ತ್ರ, ಬೆಳಕು-ಶಬ್ದ-ಶಾಖದ ಮಾಪನ, ಸಂಖ್ಯಾಶಾಸ್ತ್ರ. ಕೊನೆಯದನ್ನು ಕಡೆಗಣಿಸುವವರು ಬಹಳ. ಕೋಷ್ಟಕದಲ್ಲಿ ಸರಾಸರಿ ಎತ್ತರ ನೋಡಿ ಬಾಗಿಲು ಮಾಡಿಸಿದರೆ ಅರ್ಧ ಜನರ ತಲೆ ತಾಗುತ್ತದೆ. ಬಾಗಿಲಿಗೆ ಅತಿ ಎತ್ತರದವರ ಅಳತೆ ಬೇಕು, ಕೈಗೆ ಎಟುಕಬೇಕಾದ ಸ್ವಿಚ್ಚಿಗೆ ಅತಿ ಗಿಡ್ಡವರದು, ಕುರ್ಚಿಗಾದರೆ ಎರಡರ ನಡುವೆ ಹೊಂದಿಸಿಕೊಳ್ಳುವ ವ್ಯವಸ್ಥೆ. ಈ ಎರಡು ತುದಿಗಳನ್ನು ಸೂಚಿಸುವ 5ನೆಯ ಮತ್ತು 95ನೆಯ ಪರ್ಸೆಂಟೈಲ್‌ಗಳ ಲೆಕ್ಕ ಈ ವೃತ್ತಿಯ ಮಗ್ಗಿ.

ಮೌಲ್ಯಮಾಪನದ ಸಾಧನಗಳು ಹಲವಿವೆ. ಅವನ್ನು ಬಳಸಲು ಕಲಿಯುವುದು ಸುಲಭ, ಅವುಗಳ ಎಲ್ಲೆ ಅರಿಯುವುದು ಕಷ್ಟ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಯಾಷ್‌ನ ಭಾರ ಎತ್ತುವ ಸಮೀಕರಣವನ್ನು ನೋಡಿ. 1981ರಲ್ಲಿ ಬಂದು 1991ರಲ್ಲಿ ಪರಿಷ್ಕೃತವಾದ ಈ ಸೂತ್ರ 23 ಕಿಲೋದಿಂದ ಶುರುವಾಗುತ್ತದೆ. ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಮಿತಿ ಅದು. ವಸ್ತು ಮೈಯಿಂದ ದೂರವಿದ್ದರೆ, ನೆಲದಿಂದ ಎತ್ತಬೇಕಾದರೆ, ಸೊಂಟ ತಿರುಚಬೇಕಾದರೆ, ಮೇಲಿಂದ ಮೇಲೆ ಎತ್ತಬೇಕಾದರೆ, ಹಿಡಿತ ಸರಿಯಿಲ್ಲದಿದ್ದರೆ ಆ ಅಂಕಿ ಇಳಿಯುತ್ತ ಹೋಗುತ್ತದೆ. ನಿಜವಾದ ಭಾರವನ್ನು ಈ ಮಿತಿಯಿಂದ ಭಾಗಿಸಿದಾಗ ಬರುವ ಸೂಚ್ಯಂಕ 1ನ್ನು ಮೀರಿದರೆ ಅಪಾಯವೆಂದು ಅರ್ಥ. 50 ಕಿಲೋದ ಸಿಮೆಂಟ್ ಚೀಲಕ್ಕೆ ಲೆಕ್ಕ ಹಾಕಿದರೆ ಎಲ್ಲ ಅನುಕೂಲಗಳಿದ್ದರೂ ಸೂಚ್ಯಂಕ 2ನ್ನು ದಾಟುತ್ತದೆ.

ವಿದ್ಯಾರ್ಥಿ ಇಷ್ಟಕ್ಕೇ ನಿಂತರೆ ತಪ್ಪು ಮಾಡಿದಂತೆ. ಈ ಸೂತ್ರ ನಿಂತು ಎರಡು ಕೈಯಲ್ಲಿ ಎತ್ತಿ ಇಡುವ ಕೆಲಸಕ್ಕೆ ಮಾತ್ರ ಒಪ್ಪುತ್ತದೆ. ಎಪಿಎಂಸಿ ಅಂಗಳದ ಹಮಾಲಿ ಚೀಲವನ್ನು ಬೆನ್ನಿಗೆ ಹಾಕಿಸಿಕೊಂಡು ಹಲಗೆ ಹತ್ತಿ ಲಾರಿಗೆ ಒಯ್ಯುತ್ತಾನೆ. ಕಟ್ಟಡದ ಕೆಲಸಕ್ಕೆ ಬಂದ ಹೆಂಗಸು ಬಾಂಡಲಿಯನ್ನು ತಲೆಯ ಮೇಲೆ ಹೊರುತ್ತಾಳೆ. ಅಲ್ಲಿ ಈ ಸಮೀಕರಣ ಸಲ್ಲದು. ಹೃದಯ ಬಡಿತದ ಏರಿಕೆ, ಆಮ್ಲಜನಕದ ಬಳಕೆ, ನಡೆದ ದೂರ, ಬಿಸಿಲು, ವಿರಾಮ ಇವನ್ನೆಲ್ಲ ಸೇರಿಸಿ ಬೇರೆ ಲೆಕ್ಕ ಕಟ್ಟಬೇಕು.

ಭಂಗಿಗೆ ಅಂಕ ಕೊಡುವ ರೂಲಾ ವಿಧಾನದ ಕಥೆಯೂ ಹಾಗೆಯೇ. 1993ರಲ್ಲಿ ನಾಟಿಂಗ್‌ಹ್ಯಾಮಿನ ಲಿನ್ ಮೆಕ್ಯಾಟಮ್ನಿ ಮತ್ತು ನೈಜಲ್ ಕಾರ್ಲೆಟ್ ಇದನ್ನು ಪ್ರಕಟಿಸಿದರು. ಅವರು ಅದನ್ನು ಪರೀಕ್ಷಿಸಿದ ಜಾಗಗಳಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗಳೂ ಇದ್ದವು. ಹಾಗಾಗಿ ಪೀಣ್ಯ, ಬೊಮ್ಮಸಂದ್ರಗಳ ಗಾರ್ಮೆಂಟ್ಸ್ ಸಾಲುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಕಾಲಿಗೆ ಅದರಲ್ಲಿರುವುದು ಎರಡೇ ಅಂಕ, ಸಮತೋಲ ಇದೆಯೋ ಇಲ್ಲವೋ ಎಂಬಷ್ಟು. ದಕ್ಷಿಣ ಕನ್ನಡದಲ್ಲಿ ಚಕ್ಕಳಮಕ್ಕಳ ಹಾಕಿ ಬೀಡಿ ಸುತ್ತುವವರ ಮಂಡಿ, ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕೂತವರ ಸೊಂಟ ಆ ಕೋಷ್ಟಕದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ನೆಲದ ಮೇಲೆ ಕೂತು ಮಾಡುವ ದುಡಿಮೆಯನ್ನು ಅಳೆಯಲು ಭಾರತದ ಎರ್ಗಾನಮಿಸ್ಟರು ಸಾಧನಗಳನ್ನು ಬೆರೆಸಿ ಬಳಸುತ್ತಾರೆ. ಇದರಲ್ಲಿ ಮಾಡಬೇಕಾದದ್ದು ಇನ್ನೂ ಬೇಕಾದಷ್ಟಿದೆ.

ಬೌದ್ಧಿಕ ಕವಲಿನವರಿಗೆ ಪಾಲ್ ಫಿಟ್ಸ್ 1954ರಲ್ಲಿ ನಿರೂಪಿಸಿದ ನಿಯಮ ಮೊದಲ ಪಾಠ: ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು. ಮೊಬೈಲ್ ಆ್ಯಪ್‌ಗಳ ಗುಂಡಿಯ ಗಾತ್ರದವರೆಗೂ ಈ ನಿಯಮ ಬರುತ್ತದೆ. ಮಾನಸಿಕ ಹೊರೆಯನ್ನು ಅಳೆಯಲು 1988ರಲ್ಲಿ ಬಂದ ನಾಸಾದ ಪ್ರಶ್ನಾವಳಿ ಈಗಲೂ ಬಳಕೆಯಲ್ಲಿದೆ.

ಕೆಲಸದ ಸ್ಥಳದಲ್ಲಿ ಕಲಿಕೆ

ಪ್ರಯೋಗಾಲಯದಲ್ಲಿ ಎಷ್ಟು ಪಳಗಿದರೂ ಕೆಲಸದ ಜಾಗದಲ್ಲಿ ನಿಂತು ನೋಡದವರು ಎರ್ಗಾನಮಿಸ್ಟರಾಗುವುದಿಲ್ಲ. ಮಲೆನಾಡಿನ ಅಡಿಕೆ ಕೊನೆ ಕೊಯ್ಲನ್ನೇ ತೆಗೆದುಕೊಳ್ಳಬಹುದು. ಕೊನೆಗಾರ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಕೊಯ್ಯುತ್ತಿದ್ದ ಕಾಲದಲ್ಲಿ ಬೀಳುವ ಅಪಾಯ ದೊಡ್ಡದು, ತೊಡೆ ಮತ್ತು ಪಾದಗಳ ಶ್ರಮ ದೊಡ್ಡದು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊಯ್ಯಬಹುದಾಯಿತು. ಬೀಳುವ ಭಯ ಹೋಯಿತು; ಆದರೆ ಗಂಟೆಗಟ್ಟಲೆ ಮುಖ ಮೇಲೆತ್ತಿ, ತೋಳೆತ್ತಿ, ಉದ್ದನೆಯ ಕೋಲನ್ನು ಸಮತೋಲದಲ್ಲಿ ಹಿಡಿಯಬೇಕಾದ ಹೊರೆ ಕತ್ತು ಮತ್ತು ಭುಜಕ್ಕೆ ವರ್ಗವಾಯಿತು. ಒಳ್ಳೆಯ ಎರ್ಗಾನಮಿಸ್ಟ್ ಹೊಸ ಉಪಕರಣವನ್ನು ಹೊಗಳುವ ಮೊದಲು ಭಾರ ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಕೇಳುತ್ತಾರೆ. ಈ ಪ್ರಶ್ನೆ ತರಗತಿಯಲ್ಲಿ ಹುಟ್ಟುವುದು ಅಪರೂಪ, ತೋಟದಲ್ಲಿ ತಾನಾಗಿ ಹುಟ್ಟುತ್ತದೆ.

ಆದ್ದರಿಂದ ಇಂಟರ್ನ್‌ಶಿಪ್ ಆರಿಸಿಕೊಳ್ಳುವಾಗ ಹವಾನಿಯಂತ್ರಿತ ಕಚೇರಿಗಿಂತ ಶಾಪ್‌ಫ್ಲೋರ್ ಮೇಲು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಬೆಂಗಳೂರಿನ ಹೊರವಲಯದಲ್ಲಿರುವ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ, ಮುಂಬಯಿಯ ಕೇಂದ್ರೀಯ ಕಾರ್ಮಿಕ ಸಂಸ್ಥೆ ಇಂಥ ಅನುಭವಕ್ಕೆ ತಕ್ಕ ಸ್ಥಳಗಳು. ಮನುಷ್ಯರ ಮೇಲೆ ಅಳತೆ ಮಾಡುವ ಸಂಶೋಧನೆಗೆ ನೀತಿ ಸಮಿತಿಯ ಒಪ್ಪಿಗೆ, ಕಾರ್ಮಿಕರ ತಿಳಿವಳಿಕೆಯ ಸಮ್ಮತಿ ಬೇಕು. ವಿಡಿಯೊ ಮಾಡಿಕೊಂಡದ್ದು ಮೇಲ್ವಿಚಾರಕರ ಕೈಗೆ ಸಿಕ್ಕಿ ಯಾರು ನಿಧಾನ ಎಂಬ ಪಟ್ಟಿಯಾಗಬಾರದು. ಯಜಮಾನರು ಕೇಳಿದರೂ ಕೊಡದಿರುವುದನ್ನು ಕಲಿಯುವುದು ಸಿದ್ಧತೆಯ ಭಾಗವೇ.

ಪ್ರಮಾಣೀಕರಣ

ಭಾರತದಲ್ಲಿ ಎರ್ಗಾನಮಿಸ್ಟರ ನೋಂದಣಿಗೆ ಕಾನೂನಿಲ್ಲ. ಯಾರು ಬೇಕಾದರೂ ಹಲಗೆ ಹಾಕಿಕೊಳ್ಳಬಹುದು, ಪೀಠೋಪಕರಣ ಮಾರುವವರು ಹಾಕಿಕೊಂಡೂ ಇದ್ದಾರೆ. ಇಂಡಿಯನ್ ಸೊಸೈಟಿ ಆಫ್ ಎರ್ಗಾನಾಮಿಕ್ಸ್ ಅಂತರರಾಷ್ಟ್ರೀಯ ಸಂಘದ ಅಂಗಸಂಸ್ಥೆ. ಅದರ ಆಶ್ರಯದಲ್ಲಿ ಎಚ್‌ಡಬ್ಲ್ಯುಡಬ್ಲ್ಯುಇ ಹೆಸರಿನ ಸಮ್ಮೇಳನ ನಡೆಯುತ್ತದೆ. ವಿದ್ಯಾರ್ಥಿಗಳು ಮೊದಲ ಪ್ರಬಂಧ ಮಂಡಿಸುವುದು ಬಹುಮಟ್ಟಿಗೆ ಅಲ್ಲೇ.

ಅಮೆರಿಕದಲ್ಲಿ 1990ರಲ್ಲಿ ಸ್ಥಾಪನೆಯಾದ ಬಿಸಿಪಿಇ ಎಂಬ ಮಂಡಳಿ ಸಿಪಿಇ ಬಿರುದನ್ನು ಕೊಡುತ್ತದೆ. ಅದಕ್ಕೆ ಪದವಿ, ನಿಗದಿತ ಪ್ರಮಾಣದಲ್ಲಿ ಎರ್ಗಾನಾಮಿಕ್ಸ್ ವ್ಯಾಸಂಗ, 3 ವರ್ಷಗಳ ಪೂರ್ಣಾವಧಿ ಅನುಭವ ಮತ್ತು ಪರೀಕ್ಷೆ ಬೇಕು. ಅನುಭವ ಇನ್ನೂ ಸಾಲದವರಿಗೆ ಎಇಪಿ ಎಂಬ ಕೆಳಗಿನ ಹಂತವಿದೆ. ಬ್ರಿಟನ್ನಿನ ಸಂಘಕ್ಕೆ 2014ರಲ್ಲಿ ರಾಯಲ್ ಚಾರ್ಟರ್ ದೊರೆತ ಮೇಲೆ ಅದರ ಸದಸ್ಯರು ಅರ್ಹತೆ ಪಡೆದು ಚಾರ್ಟರ್ಡ್ ಎರ್ಗಾನಮಿಸ್ಟ್ ಎನಿಸಿಕೊಳ್ಳಬಹುದು. ಯುರೋಪಿನಲ್ಲಿ ಯುರ್.ಎರ್ಗ್. ಎಂಬ ನೋಂದಣಿಯಿದೆ. ಬಹುರಾಷ್ಟ್ರೀಯ ಕಂಪನಿಯಲ್ಲೋ ವಿದೇಶದಲ್ಲೋ ಕೆಲಸ ಬಯಸುವವರಿಗೆ ಇವು ಉಪಯುಕ್ತ. ದೇಶದೊಳಗಿನ ಬೋಧನೆ, ಸಂಶೋಧನೆಗಳಿಗೆ ಪಿಎಚ್.ಡಿ.ಯೇ ಹೆಚ್ಚು ತೂಗುತ್ತದೆ.

ಉದ್ಯೋಗ

ಕೆಲಸದ ಜಾಹೀರಾತಿನಲ್ಲಿ ಎರ್ಗಾನಮಿಸ್ಟ್ ಎಂಬ ಪದವನ್ನೇ ಹುಡುಕಿದರೆ ನಿರಾಶೆಯಾಗುತ್ತದೆ. ಹುದ್ದೆಗಳಿರುವುದು ಬೇರೆ ಹೆಸರುಗಳಲ್ಲಿ. 1948ರ ಕಾರ್ಖಾನೆ ಕಾಯ್ದೆ ಗಾಯವಾಗುವಷ್ಟು ಭಾರ ಹೊರಿಸಬಾರದೆಂದು 34ನೆಯ ವಿಧಿಯಲ್ಲಿ, ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು 44ನೆಯ ವಿಧಿಯಲ್ಲಿ ಹೇಳಿದರೂ ಅದಕ್ಕೊಬ್ಬ ತಜ್ಞರನ್ನು ನೇಮಿಸಿ ಎನ್ನಲಿಲ್ಲ. ಅದು ಕೇಳಿದ್ದು 1000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಸುರಕ್ಷತಾ ಅಧಿಕಾರಿಯನ್ನು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಮಿತಿಯನ್ನು 500ಕ್ಕೆ ಇಳಿಸಿತು. ಹೀಗಾಗಿ ಕಾರ್ಖಾನೆಯೊಳಗೆ ಕಾಲಿಡಲು ಬಯಸುವವರು ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾವನ್ನೂ ಜೊತೆಗಿಟ್ಟುಕೊಳ್ಳುವುದು ಜಾಣತನ.

ಬೆಂಗಳೂರಿನಲ್ಲಿರುವ ವಾಹನ ಮತ್ತು ವಿಮಾನ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳಲ್ಲಿ ಜ್ಯಾಕ್, ರ‍್ಯಾಮ್ಸಿಸ್‌ನಂಥ ಡಿಜಿಟಲ್ ಮಾನವ ಮಾದರಿಗಳನ್ನು ಬಳಸಬಲ್ಲವರಿಗೆ ಬೇಡಿಕೆಯಿದೆ. ಹುದ್ದೆಯ ಹೆಸರು ಪ್ಯಾಕೇಜಿಂಗ್ ಎಂಜಿನಿಯರ್ ಎಂದೋ ಹ್ಯೂಮನ್ ಫ್ಯಾಕ್ಟರ್ಸ್ ಎಂಜಿನಿಯರ್ ಎಂದೋ ಇರುತ್ತದೆ. ಬೌದ್ಧಿಕ ಕವಲಿನವರು ಸಾಫ್ಟ್‌ವೇರ್ ಕಂಪನಿಗಳಲ್ಲಿ ಯುಎಕ್ಸ್ (ಬಳಕೆದಾರರ ಅನುಭವದ) ಸಂಶೋಧಕರಾಗುತ್ತಾರೆ. ಸಂಬಳ ಅಲ್ಲೇ ಹೆಚ್ಚು, ಅದಕ್ಕೇ ಪ್ರತಿಭಾವಂತರು ಬಹಳಷ್ಟು ಜನ ಅತ್ತ ಹೋಗುತ್ತಾರೆ. ರಕ್ಷಣಾ ಸಂಶೋಧನೆಯಲ್ಲಿ ದಿಲ್ಲಿಯ ಡಿಪಾಸ್ ಪ್ರಯೋಗಾಲಯ ಸೈನಿಕರ ಹೊರೆ, ಉಡುಪು, ಉಪಕರಣಗಳನ್ನು ಅಧ್ಯಯನ ಮಾಡುತ್ತದೆ.

ಅತಿ ಹೆಚ್ಚು ಜನ ದುಡಿಯುವ ಕೃಷಿಯಲ್ಲಿ ಹುದ್ದೆಗಳು ಅತಿ ಕಡಿಮೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ನಡೆಸುವ ಅಖಿಲ ಭಾರತ ಸಮನ್ವಿತ ಯೋಜನೆ, ಅದಕ್ಕೆ ಸೇರಿದ ಕೃಷಿ ವಿಶ್ವವಿದ್ಯಾಲಯಗಳ ಕೇಂದ್ರಗಳು, ಭುವನೇಶ್ವರದ ಕೃಷಿ ಮಹಿಳಾ ಸಂಸ್ಥೆ ಬಿಟ್ಟರೆ ಹೇಳಿಕೊಳ್ಳುವಂಥ ನೆಲೆಗಳಿಲ್ಲ. ಭೋಪಾಲದ ಎಲ್. ಪಿ. ಗೀತೆ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೃಷಿ ಕಾರ್ಮಿಕರ ಅಂಗಾಂಗ ಅಳತೆ ಮತ್ತು ಬಲದ ಅಂಕಿಗಳು ಹಿಡಿ, ಪೆಡಲು, ಆಸನಗಳನ್ನು ರೂಪಿಸುವ ಯಂತ್ರೋಪಕರಣ ತಯಾರಕರಿಗೆ ಸಿಕ್ಕ ದೇಶೀ ಆಧಾರ. ಕೃಷಿ ಎಂಜಿನಿಯರಿಂಗ್ ಅಥವಾ ಗೃಹವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಪರೀಕ್ಷೆ ಬರೆಯುವುದು ಈ ಕಡೆಗಿರುವ ಮುಖ್ಯ ದಾರಿ.